ಅಮ್ಮನ ದೀಪದೆಣ್ಣೆ ಮತ್ತು ನನ್ನ ಎಡಗಾಲು

ಮೈಸೂರು ರಸ್ತೆ ಅಗಲ ಮಾಡುತ್ತಿದ್ದ ವರ್ಷ ನನ್ನ ಎಡಗಾಲ ಹರಡಿನ ಮೇಲೆ ಹುಣ್ಣಾಯಿತು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ಬಿಚ್ಚುತ್ತಾ ಹದಿನೆಂಟು ವರ್ಷ ನಿಂತೇ ದುಡಿದವಳು ನಾನು. ಕಾಲಿನ ನರ ಉಬ್ಬಿ, ಹತ್ತು ತಿಂಗಳಾದರೂ ಹುಣ್ಣು ಮಾಯಲಿಲ್ಲ. ಸೀರೆಯಂಚು ತಾಗಿದರೂ ಜೀವ ಹೋಗಿ ಬರುತ್ತಿತ್ತು. ಹೀಗೇ ಆದರೆ ಪಾದ ತೆಗೆಯಬೇಕಾದೀತು ಎಂದರು ಡಾಕ್ಟರು. ಜಗಳಗಂಟಿ ಎಂದು ಹೆಸರಾದ ನಾನು ಎಲ್ಲರೆದುರು ಅತ್ತುಬಿಟ್ಟೆ.

ಅಕ್ಕೂರಿನ ನಮ್ಮ ಮಾರಮ್ಮನಿಗೆ ಕೈ ಮುಗಿದೆ. "ತಾಯಿ, ಗಾಯ ನಿಧಾನಕ್ಕೆ ಮಾಯಲಿ, ಮೊದ್ಲು ಈ ನೋವು ಕಳಿ." ಹುಣ್ಣಿಗೆ ಅಮ್ಮನ ದೀಪದೆಣ್ಣೆ ಹಚ್ಚುವುದು ನಮ್ಮ ಮನೆಯ ರೂಢಿ. ಮಂಗಳವಾರ ಮಂಗಳವಾರ ತಂದು ಹಚ್ಚಿಕೊಂಡೆ.

ಅಷ್ಟರಲ್ಲಿ ಡಾಕ್ಟರು ಆಕ್ಸಿಜನ್ ಚಿಕಿತ್ಸೆಗೆಂದು ಬೆಂಗಳೂರಿಗೆ ಬರೆದುಕೊಟ್ಟರು. ಯಜಮಾನರ ಜೊತೆ ಬೆಳಗಿನ ರೈಲಿಗೆ ಹೋದೆ. ಆಕ್ಸಿಜನ್ ಗಾಳಿ ಒತ್ತಿ ತುಂಬುವ ದೊಡ್ಡ ಗಾಜಿನ ಕೊಳವೆ, ಅದರೊಳಗೆ ಒಂದೂವರೆ ಗಂಟೆ ಮಲಗಬೇಕು. ಬ್ಯಾಂಡೇಜು ಬಿಚ್ಚಿದ ನರ್ಸಮ್ಮ, "ಇದೇನು ಎಣ್ಣೆ?" ಎಂದಳು.

"ಅಮ್ಮನ ದೀಪದ್ದು ಕಣವ್ವ."

"ಆಕ್ಸಿಜನ್ ಒಳಗೆ ಎಣ್ಣೆ ಇದ್ರೆ ಬೆಂಕಿ ಹತ್ಕೊಳುತ್ತೆ. ತಲೆಗೂ ಹಚ್ಚಬಾರ್ದು. ಬಿಟ್ಬಿಡಿ."

"ಬುಟ್ರೆ ಅಮ್ಮ ಮುನಿಸ್ಕತಾಳೆ" ಎಂದು ಹಟ ಹಿಡಿದೆ. ಹೋದ ಹಾಗೇ ವಾಪಸ್ ಬಂದೆವು.

ಮಾರನೆಯ ದಿನ ಗುಡಿಯ ಪೂಜಾರಿ ಕೆಂಚಪ್ಪನವರಿಗೆ ದೂರು ಹೇಳಿದೆ. ನನ್ನ ಪರ ಮಾತಾಡುತ್ತಾರೆಂದುಕೊಂಡಿದ್ದೆ. ಅವರು ನನ್ನ ಕೈಲಿದ್ದ ಎಣ್ಣೆ ಬಟ್ಟಲು ಕಸಿದು ದೀಪಕ್ಕೇ ಸುರಿದರು.

"ನೋವು ಕಳಿ ಅಂತ ನೀನೇ ಬೇಡ್ಕಂಡೆ. ಅಮ್ಮ ಗಾಳಿ ಕಳ್ಸವ್ಳೆ. ನೀನು ಎಣ್ಣೇನೇ ಬೇಕು ಅಂತ ಅವಳ್ತಾವೇ ಜಗಳಕ್ಕೆ ನಿಂತಿದ್ದೀಯ. ಹೋಗವ್ವ, ಹೋಗಿ ಅದ್ರೊಳಗೆ ಮನೀಕೋ."

ನಗು ಬಂತು, ನಾಚಿಕೆಯೂ ಆಯಿತು.

ಎಣ್ಣೆ ಬಿಟ್ಟು ಮೂವತ್ತು ದಿನ ಬೆಂಗಳೂರಿಗೆ ಓಡಾಡಿದೆ. ಒಳಗೆ ಕಿವಿ ಕಟ್ಟುತ್ತಿತ್ತು, ಉಗುಳು ನುಂಗಿದರೆ ಬಿಡುತ್ತಿತ್ತು. ಅಮ್ಮನ ಹೆಸರು ಹೇಳುತ್ತಾ ಮಲಗುತ್ತಿದ್ದೆ. ತುಟಿ ಅಲ್ಲಾಡುವುದನ್ನು ಕಂಡು ನರ್ಸಮ್ಮ, ಇವತ್ತು ಯಾರಿಗೆ ಬೈತಿದ್ದೀರಿ ಎಂದು ರೇಗಿಸುತ್ತಿದ್ದಳು. ಹನ್ನೆರಡನೆಯ ದಿನವೋ ಏನೋ, ರೈಲಿನಲ್ಲಿ ಯಾರದೋ ಚೀಲ ಕಾಲಿಗೆ ಬಡಿಯಿತು. ಹಲ್ಲು ಕಚ್ಚಿ ಕಾದೆ. ನೋವು ಬರಲಿಲ್ಲ. "ರೀ, ನೋಯ್ತಾ ಇಲ್ಲ" ಎಂದೆ. ಯಜಮಾನರು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ನಾಲ್ಕು ತಿಂಗಳಿಗೆ ಹುಣ್ಣು ಮುಚ್ಚಿತು, ಪಾದ ಉಳಿಯಿತು. ಭಕ್ತ ಬಂಧುಗಳೇ, ಅಮ್ಮನನ್ನು ನಂಬಿ, ಅವಳು ಕಳಿಸಿದ ಡಾಕ್ಟರ ಮಾತನ್ನೂ ಕೇಳಿ. ನಾನಂತೂ ಹುಣ್ಣು ಮುಚ್ಚಿದಂದು ಗುಡಿಗೆ ಹೋಗಿ, ಕಲ್ಲುಹಾಸಿನ ಮೇಲೆ ಎರಡೂ ಪಾದ ಊರಿ ನಿಂತೆ. ಕಲ್ಲು ತಣ್ಣಗಿತ್ತು, ಅಷ್ಟೇ. ಬೇಡಿಕೊಳ್ಳಲು ಏನೂ ನೆನಪಾಗದೆ ಸುಮ್ಮನೆ ಕಣ್ಣೀರಿಟ್ಟೆ.