ಪೆದ್ದಮ್ಮನ ಪಾಲು

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿ, ಸೀದ ವಾಸನೆ ಎದ್ದರೆ ನಮ್ಮ ಮನೆಯಲ್ಲಿ ಎಲ್ಲರೂ ಕಿಟಕಿ ತೆಗೆಯಲು ಓಡುತ್ತಾರೆ. ನಾನು ಮಾತ್ರ ನಿಂತಲ್ಲೇ ನಿಲ್ಲುತ್ತೇನೆ. ಶಿವಮೊಗ್ಗದ ರವೀಂದ್ರನಗರದ ಈ ಅಡುಗೆಮನೆ ಕಣ್ಮರೆಯಾಗಿ ಭದ್ರಾವತಿ ನ್ಯೂ ಟೌನಿನ ಆ ಕ್ವಾರ್ಟರ್ಸು ಎದುರಿಗೆ ಬರುತ್ತದೆ. ಒಂದೇ ಗೋಡೆ, ಅದರ ಈಚೆ ನಾವು, ಆಚೆ ಪೆದ್ದಮ್ಮ. ಹಾಲಿಟ್ಟು ಮರೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ತಳ ಹಿಡಿದ ಹಾಲಿಗೆ ಬೆಲ್ಲ ಹಾಕಿ, ಸೆರಗಿನಲ್ಲಿ ಲೋಟ ಹಿಡಿದು ತಂದು, "ಇದೇ ರುಚಿ, ಕುಡಿ" ಅನ್ನುತ್ತಿದ್ದಳು. ನಿಮ್ಮ ಬಾಲ್ಯದಲ್ಲೂ ಇಂಥದೊಂದು ಕೆಟ್ಟುಹೋದ ಅಡುಗೆಯ ರುಚಿ ಇದ್ದೇ ಇರುತ್ತದೆ, ಅದನ್ನು ಸರಿಯಾಗಿ ಮಾಡಿಕೊಟ್ಟರೆ ನೀವು ಒಪ್ಪುವುದಿಲ್ಲ.

ಪೆದ್ದಮ್ಮ ನಮಗೆ ಬಂಧುವಲ್ಲ. ಅವಳ ಗಂಡ ತೆಲುಗು ಸೀಮೆಯಿಂದ ಕಾರ್ಖಾನೆಗೆ ಬಂದವರು, ಅಪ್ಪನ ಜೊತೆ ಕುಲುಮೆಯಲ್ಲಿ ಕೆಲಸ. ನಾನು ಹುಟ್ಟಿದ ವಾರಕ್ಕೆ ಅಮ್ಮನಿಗೆ ಟೈಫಾಯಿಡ್ ಬಂದು ಎದೆಹಾಲು ನಿಂತುಹೋಯಿತಂತೆ. ಬಾಟಲಿ ಹಾಲು ನನಗೆ ದಕ್ಕಲಿಲ್ಲ. ಹಗಲೆಲ್ಲ ಅಳು. ಗೋಡೆಯಾಚೆ ಪೆದ್ದಮ್ಮ ಅದನ್ನು ಕೇಳುತ್ತಿದ್ದಳು. ಅವಳ ಕೂಸು ಹುಟ್ಟಿದ ಹತ್ತನೇ ದಿನಕ್ಕೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ಹಣೆ ತುಂಬ ವಿಭೂತಿ ಹಚ್ಚಿ ಕೂತಿದ್ದ ನನ್ನ ಅಜ್ಜಿಗೆ ತನ್ನ ಭಾಷೆಯಲ್ಲಿ ಹೇಳಿದಳು: "ಪಾಪಕಿ ಪಾಲು ಇಸ್ತಾನು." ಅಜ್ಜಿ ಹಳ್ಳಿಯಿಂದ ಬಂದು ನಾಲ್ಕು ದಿನವಾಗಿತ್ತು, ತೆಲುಗಿನ ಗಂಧವೂ ಇಲ್ಲ. ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು, ಪಾಪ ಮತ್ತು ಪಾಲು. "ಪಾಪದಲ್ಲಿ ಪಾಲಂತೆ! ಬಾಣಂತಿ ಮನೆ ಬಾಗ್ಲಲ್ಲಿ ನಿಂತು ಆಡೋ ಮಾತಾ ಇದು?" ಅಂದವಳೇ ಬಾಗಿಲು ಹಾಕಿಕೊಂಡಳು. ಪೆದ್ದಮ್ಮ ಹೋಗಲಿಲ್ಲ. ಎದೆಯ ಮೇಲೆ ರವಿಕೆ ಒದ್ದೆಯಾಗಿ, ಮೆಟ್ಟಿಲ ಮೇಲೇ ಕೂತಳು.

ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದ ಅಪ್ಪ ಅವಳನ್ನು ಮಾತಾಡಿಸಿ ಒಳಗೆ ಬಂದರು. ಕಾರ್ಖಾನೆ ಅವರಿಗೆ ತೆಲುಗು ತಮಿಳು ಎರಡನ್ನೂ ಕಲಿಸಿತ್ತು. "ಅಮ್ಮ, ಅವ್ರ ಮಾತಲ್ಲಿ ಪಾಪ ಅಂದ್ರೆ ಹೆಣ್ಣುಕೂಸು, ಪಾಲು ಅಂದ್ರೆ ಹಾಲು. ಮಗೂಗೆ ಹಾಲು ಕೊಡ್ತೀನಿ ಅಂತಿದಾರೆ ಕಣಮ್ಮ." ಅಜ್ಜಿ ನನ್ನನ್ನು ಎತ್ತಿಕೊಂಡು ಹೊರಗೆ ಹೋಗಿ ಅವಳ ಮಡಿಲಿಗೆ ಹಾಕಿ, "ತಪ್ಪಾಯ್ತು ಮಾರಾಯ್ತಿ" ಅಂದಳಂತೆ. ಒಂಬತ್ತು ತಿಂಗಳು ನಾನು ಆ ಮಡಿಲಲ್ಲಿ ಬೆಳೆದೆ. ಊರಿಂದ ಬಂದ ನೆಂಟರು ಯಾರದೋ ಹಾಲು ಕುಡಿಸಿದಿರಾ ಎಂದು ಮೂಗು ಮುರಿದಾಗ, "ನಿಮ್ಮ ಮಡಿ ಹಿಂಡಿ ಕುಡಿಸಿದ್ರೆ ಕೂಸು ಬದುಕ್ತಿತ್ತಾ?" ಎಂದು ಕೇಳಿದವಳೂ ಅದೇ ಅಜ್ಜಿ.

ಶಾಲೆಯಲ್ಲಿ ಅವಳನ್ನು ನಾನು ಪೆದ್ದಮ್ಮ ಅಂದದ್ದಕ್ಕೆ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪೆದ್ದಿಯಂತೆ, ಅವರಮ್ಮನೂ ಪೆದ್ದಿಯಂತೆ! ಒಬ್ಬಳ ಜಡೆ ಹಿಡಿದು ಜಗ್ಗಿ ಮನೆಗೆ ಬಂದೆ. ಪೆದ್ದಮ್ಮ ನಗುತ್ತ, "ನಮ್ಮಲ್ಲಿ ಪೆದ್ದ ಅಂದ್ರೆ ದೊಡ್ಡದು. ನಾನು ನಿಂಗೆ ದೊಡ್ಡಮ್ಮ. ನಗೋರು ನಗ್ಲಿ ಬಿಡು" ಅಂದಳು. ನಾನು ಬಿಡಲಿಲ್ಲ. ಮುಂದೆ ದುರ್ಗಿಗುಡಿಯ ಶಾಲೆಯೊಂದರಲ್ಲಿ ಕನ್ನಡ ಟೀಚರಾದಾಗ, ಪ್ರತಿ ವರ್ಷ ಮಕ್ಕಳಿಗೆ ಮೊದಲು ಹೇಳುತ್ತಿದ್ದದ್ದು ಇದನ್ನೇ. ಹಳಗನ್ನಡದಲ್ಲಿ ಹಾಲಿಗೆ ಪಾಲ್ ಅಂತಲೇ ಹೆಸರು. ನಾವು ಪಕಾರ ಬಿಟ್ಟು ಹಕಾರ ಹಿಡಿದೆವು, ತೆಲುಗಿನವರು ಬಿಡಲಿಲ್ಲ, ಅಷ್ಟೇ. ಹಂಚಿಕೊಳ್ಳುವ ಪಾಲಿನ ಹುಟ್ಟು ಬೇರೆ, ಕುಡಿಯುವ ಪಾಲಿನ ಹುಟ್ಟು ಬೇರೆ. ಅವತ್ತು ಬಾಗಿಲಲ್ಲಿ ನಿಂತಿದ್ದವಳು ಆಡಿದ್ದು ನಮ್ಮದೇ ಹಳೆಯ ಮಾತು, ಮರೆತವರು ನಾವು.

ಕಾರ್ಖಾನೆಯ ಸದ್ದು ಕಡಿಮೆಯಾದ ಹಾಗೆ ಬೀದಿಗಳು ಬರಿದಾದವು. ಅಪ್ಪ, ಅಮ್ಮ, ಅಜ್ಜಿ ಒಬ್ಬೊಬ್ಬರೇ ಹೋದರು. ಗಂಡ ಸತ್ತ ಮೇಲೆ ಪೆದ್ದಮ್ಮ ಭದ್ರಾವತಿಯಲ್ಲೇ ಮೈದುನನ ಮನೆ ಸೇರಿದಳು. ನಮ್ಮ ಎರಡು ಮನೆಗೂ ಈಗ ಬಾಗಿಲಿಲ್ಲ, ನಡುವಿನ ಗೋಡೆಯ ಮೇಲೆ ಗಿಡ ಬೆಳೆದಿದೆ. ಹೋದ ತಿಂಗಳು ಪೆದ್ದಮ್ಮನೂ ಹೋದಳು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುಖ ನೋಡಲಾಗಲಿಲ್ಲವಲ್ಲ ಎಂಬ ಸಂಕಟಕ್ಕಿಂತ, ಹೇಳಿ ಕಳಿಸಬೇಕು ಎಂದು ಯಾರಿಗೂ ಅನ್ನಿಸಲಿಲ್ಲವಲ್ಲ ಎಂಬ ಸಿಟ್ಟೇ ನನಗೆ ಹೆಚ್ಚಾಗಿತ್ತು. ಮೂರನೇ ದಿನದ ಹಾಲುತುಪ್ಪಕ್ಕೆ ಕರೆಯದಿದ್ದರೂ ಹೋದೆ.

ಸ್ಮಶಾನದಲ್ಲಿ ಹಾಲು ಬಿಡಲು ಸಾಲಾಗಿ ನಿಂತಿದ್ದರು. ನಾನೂ ನಿಂತೆ. ಮೈದುನ ಬಂದು, "ಇದು ಮನೆಯವರು ಮಾತ್ರ ಮಾಡೋದಮ್ಮ. ನೀನು ಪಕ್ಕದ ಮನೆಯವಳು, ಈಚೆ ಬಾ" ಅಂದರು.

"ನಂಗೂ ಪಾಲಿದೆ" ಅಂದೆ.

ಎಲ್ಲರೂ ತಿರುಗಿ ನೋಡಿದರು. ಮೈದುನನ ಮುಖ ಬಿಗಿಯಾಯಿತು. "ಪಾಲಾ? ಒಂದು ಹಳೇ ಟ್ರಂಕು ಬಿಟ್ರೆ ಏನಿತ್ತು ಅವ್ಳ ಹತ್ರ?"

"ಅದು ಕನ್ನಡದ ಪಾಲು. ನಾನು ಹೇಳಿದ್ದು ನಿಮ್ಮ ತೆಲುಗಿನದು. ಒಂಬತ್ತು ತಿಂಗಳು ಕುಡಿದಿದೀನಿ. ಬೇಕಾದ್ರೆ ಅವಳನ್ನೇ ಎಬ್ಬಿಸಿ ಕೇಳಿ."

ಅವರು ಜಾಗವನ್ನೂ ಬಿಡಲಿಲ್ಲ, ಹಾಲಿನ ಚೊಂಬನ್ನೂ ಕೊಡಲಿಲ್ಲ. ಅವರ ಚೊಂಬು ನನಗೆ ಬೇಕಾಗಿಯೂ ಇರಲಿಲ್ಲ. ಚೀಲದಿಂದ ನನ್ನದೇ ತಂಬಿಗೆ ತೆಗೆದೆ. ಬೆಳಿಗ್ಗೆ ಒಲೆಯ ಮುಂದೆ ಅವಳನ್ನೇ ನೆನೆಯುತ್ತ ನಿಂತಿದ್ದಾಗ ಹಾಲು ತಳ ಹಿಡಿದಿತ್ತು. ಬೇರೆ ಕಾಯಿಸದೆ, ಬೆಲ್ಲ ಹಾಕಿ ತಂದಿದ್ದೆ. ಅವರನ್ನು ಬಳಸಿಕೊಂಡು ಹೋಗಿ, ಮಣ್ಣಿನ ಮುಂದೆ ಕೂತು, ಒಂದು ಹನಿಯೂ ಉಳಿಯದ ಹಾಗೆ ಬಗ್ಗಿಸಿದೆ.

"ಇದೇ ರುಚಿ, ಪೆದ್ದಮ್ಮ. ಕುಡಿ."