ನೀರು ಹಚ್ಚುವ ಕೈ

ಟಪ್, ಟಪ್, ಟಪ್. ನಿಪ್ಪಾಣಿಯ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಹಸಿ ಜೇಡಿಮಣ್ಣಿನ ಮೇಲೆ ಅಂಗೈ ಬೀಳುತ್ತಿದ್ದ ಸದ್ದು ಅದು. ಕೇಳಿದವರು ರೊಟ್ಟಿ ಬಡಿಯುತ್ತಿದ್ದಾರೆಂದು ಊಟಕ್ಕೆ ಕೈ ತೊಳೆದುಕೊಂಡು ಬರಬೇಕು, ಹಾಗೆ.

ನನ್ನದು ಸ್ಲ್ಯಾಬ್ ಪಾಟರಿ. ಕುಂಬಾರನ ತಿಗರಿ ಬೇಡ. ಮಣ್ಣನ್ನು ದಪ್ಪ ಚಪಾತಿಯಂತೆ ಲಟ್ಟಿಸಿ, ಅರೆ ಒಣಗಿದ ಮೇಲೆ ಸ್ಕೇಲ್ ಇಟ್ಟು ಕೊಯ್ದು, ಹಲಗೆಗಳಂತೆ ಜೋಡಿಸುವುದು. ಕಾನ್ವೆಂಟಿನಲ್ಲಿ ಓದಿದ ನಾನು ಇದನ್ನು ಕಲಿತದ್ದು ರಿಟೈರ್ ಆದ ಮೇಲೆ. ಆರ್ಥ್ರೈಟಿಸ್ ಮಣಿಕಟ್ಟಿಗೆ ಬಂದಾಗ ಲಟ್ಟಣಿಗೆ ಉರುಳಿಸಲಾಗದೆ, ಮಣ್ಣು ಸುಡುವ ಕರೆಂಟಿನ ಭಟ್ಟಿಯನ್ನು ಒಂದು ಶಾಲೆಗೆ ಕೊಡಲೊಪ್ಪಿದೆ. ತಿಂಗಳ ಕೊನೆಗೆ ಒಯ್ಯುವವರಿದ್ದರು. ಅಷ್ಟರೊಳಗೆ ಒಂದು ದೊಡ್ಡ ಚೌಕ ಡಬ್ಬಿ ಸುಡಬೇಕು. ಮೈ ಲಾಸ್ಟ್ ಪೀಸ್. ಅಷ್ಟೇ ಆಸೆ.

ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದ ಐನಾಪುರದ ಹೆಂಗಸನ್ನು ಕರೆದೆ. ಲಟ್ಟಣಿಗೆಯನ್ನು ಆಕೆ ಮುಟ್ಟಲೇ ಇಲ್ಲ. ಬಡಿದಳು. ಎಲ್ಲ ಕಡೆ ಒಂದೇ ದಪ್ಪ, ಪರ್ಫೆಕ್ಟ್! ನಾನು ಹಿಗ್ಗುವಷ್ಟರಲ್ಲಿ, ರೊಟ್ಟಿಗೆ ಸವರುವಂತೆ ಮೇಲೆ ನೀರು ಸವರಿಬಿಟ್ಟಳು. ಒಣಗುತ್ತಲೇ ಅದು ಸೊಟ್ಟಗಾಗಿ ಸೀಳಿತು.

“ನೀರ ಹಚ್ಚಬ್ಯಾಡ ಬೇ!”

“ಹಚ್ಚಲಿಲ್ಲಂದ್ರ ಬಿರೀತೈತ್ರಿ ಬಾಯಾರ.”

“ಅದು ರೊಟ್ಟಿ! ಇದು ಕ್ಲೇ! ಹಚ್ಚಿದ್ರನ ಬಿರಿಯೂದು!”

“ಕಾನ್ವೆಂಟಿನ್ಯಾಗ ರೊಟ್ಟಿ ಬಡಿಯೂದು ಕಲಿಸಿಲ್ಲ ಕಾಣ್ತೈತಿ,” ಎಂದು ಆಕೆ ಮಣ್ಣಿಗೆ ಹೇಳಿದಳು.

ನೀರಿನ ಬೋಗುಣಿ ಬಚ್ಚಿಟ್ಟೆ. ಕುಡಿಯುವ ಬಾಟಲಿಯಿಂದ ಸೆರಗು ತೋಯಿಸಿ ಒರೆಸಿದಳು. ಆನೆಸ್ಟ್ಲಿ! ಕೊನೆಗೆ ಪರೀಕ್ಷೆಯ ಸೂಪರ್‌ವೈಸರ್‌ನಂತೆ ಎದುರಿಗೇ ಕುರ್ಚಿ ಹಾಕಿ ಕೂತು ಹಲಗೆಗಳನ್ನು ಮಾಡಿಸಿಕೊಂಡೆ. ನಾನು ಅಂಚುಗಳನ್ನು ಗೀರಿ, ಕೆಸರು ಹಚ್ಚಿ ಜೋಡಿಸುವಾಗ ಆಕೆ ಬಿಟ್ಟಾಳೆಯೇ? “ನೀವ್ ಹಚ್ಚಿದ್ರ ನಡೀತೈತಿ, ನಾ ಹಚ್ಚಿದ್ರ ತಪ್ಪ!” ಏನಾದರೂ ಆಗಲಿ, ಡಬ್ಬಿ ನಿಂತಿತು.

ಭಟ್ಟಿಗೆ ಇಡುವ ಹಿಂದಿನ ದಿನ ಕಣ್ಣು ತೋರಿಸಲು ಚಿಕ್ಕೋಡಿಗೆ ಹೋಗಿದ್ದೆ. ಬಂದು ನೋಡಿದರೆ ಡಬ್ಬಿಯ ಒಂದು ಗೋಡೆ ಮೇಲಿಂದ ಕೆಳಗೆ ಸೀಳಿದೆ. ಆಕೆ ಪಕ್ಕದಲ್ಲೇ ಕೂತಿದ್ದಳು.

“ಎಳಿಯಷ್ಟು ಬಿರಿದಿತ್ರಿ. ನೋಡಾಕಾಗಲಿಲ್ಲ. ಅದಕ್ಕ ಒಂಚೂರ ನೀರ...”

“ಎದ್ದ ಹೋಗ ಇಲ್ಲಿಂದ!” ಎಂದೆ. ಅಷ್ಟು ವರ್ಷ ಕಲಿತ ಮ್ಯಾನರ್ಸ್ ಎಲ್ಲಿ ಹೋಗಿತ್ತೋ. ಆಕೆ ಎದ್ದು ಹೋದಳು. ಎರಡು ದಿನಕ್ಕೆ, ಡಬ್ಬಿ ಸುಡದೆಯೇ, ಭಟ್ಟಿಯೂ ಶಾಲೆಗೆ ಹೋಯಿತು.

ಆಕೆಯನ್ನು ಕಡೆಯ ಸಲ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ. ಇನ್ನು ಮಗಳ ಮನೆಯಲ್ಲೇ ಇರುವುದೆಂದು ಗಂಟು ಕಟ್ಟಿಕೊಂಡು ಅಥಣಿ ಬಸ್ಸಿನಲ್ಲಿ ಕೂತಿದ್ದಳು. ನಾನು ಸಾರಿ ಹೇಳಲು ಕಿಟಕಿಯ ಹತ್ತಿರ ಹೋದೆ. ಆಕೆಯೇ ಮೊದಲು ಕೇಳಿದಳು.

“ಬಾಯಾರ, ಡಬ್ಬಿ ಸುಟ್ರೇನ್ರಿ? ತಡೀತ?”

ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. “ತಡೀತ ಬೇ. ಚೊಲೋ ಬಂದೈತಿ.”

“ನೋಡ್ರಿ ಮತ್ತ!” ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. “ನೀರ ಹಚ್ಚಿದ್ದಕ್ಕ!”