ಹೊಗೆ ಕೂತ ಸೊಪ್ಪು

ನಾವು ಬಿಡದಿಯ ಹತ್ತಿರ ಸೈಟು ಕೊಂಡು ಮನೆ ಕಟ್ಟಿಸಿದಾಗ ಬಡಾವಣೆಯ ಹೆಸರಿನಲ್ಲಿ ‘ಗಾರ್ಡನ್’ ಅಂತ ಒಂದು ಮಾತಿತ್ತು. ಗಾರ್ಡನ್ನೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ. ಇದ್ದವರೆಲ್ಲ ಕಾರ್ಖಾನೆ ಕೆಲಸಕ್ಕೆ ಹೋಗುವವರು, ಇಲ್ಲವೇ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಓಡುವವರು. ಹಸಿರು ಅಂತ ಕಣ್ಣಿಗೆ ಬೀಳುತ್ತಿದ್ದದ್ದು ನಮ್ಮ ಹಿತ್ತಲ ಕಾಂಪೌಂಡಿನ ಆಚೆಗಿದ್ದ ಹಿಪ್ಪುನೇರಳೆ ತೋಟವೊಂದೇ. ಅದರ ಒಡತಿ ತೋಟ ಮಾರಲು ಒಪ್ಪದೆ, ಗಂಡ ತೀರಿಹೋದ ಮೇಲೂ ಒಬ್ಬಳೇ ರೇಷ್ಮೆಹುಳು ಸಾಕುತ್ತಿದ್ದಳು. ಅವಳನ್ನು ನಾನು ಅಕ್ಕ ಅಂತಿದ್ದೆ. ನನ್ನ ತವರು ಹೊಂಗನೂರು, ನಾನೂ ಹುಳು ಸಾಕಿದ ಮನೆಯಲ್ಲೇ ಬೆಳೆದವಳು. ಹಾಗಾಗಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರೆ ನಮ್ಮ ಮಾತು ಮುಗಿಯುತ್ತಲೇ ಇರಲಿಲ್ಲ.

ಚಿಕೂನ್‌ಗುನ್ಯಾ ಬಂದ ವರ್ಷ ಬಡಾವಣೆಯ ಅರ್ಧ ಜನ ಕುಂಟುತ್ತಿದ್ದರು. ನಮ್ಮತ್ತೆ ಹಾಸಿಗೆ ಹಿಡಿದರು. ಲೋಟ ಹಿಡಿಯಲೂ ಅವರ ಬೆರಳು ಮಡಚುತ್ತಿರಲಿಲ್ಲ. ಸೊಳ್ಳೆಗೆ ಹೊಗೆ ಹೊಡೆಸುವುದೆಂದು ನಿವಾಸಿಗಳ ಸಂಘದವರು ತೀರ್ಮಾನಿಸಿದರು. ಸುದ್ದಿ ಕೇಳಿ ಅಕ್ಕ ಓಡಿ ಬಂದಳು.

“ಹುಳ ನಾಕನೇ ಜ್ವರ ಎದ್ದವೆ ಕಣವ್ವ. ಒಂದು ವಾರ ತಡೀರಿ ಅನ್ನು. ಹಣ್ಣಾಗಿ ಚಂದ್ರಿಕೆ ಹತ್ತಿಬುಟ್ರೆ ಆಮೇಕೆ ಏನಾರ ಹೊಡ್ಕಳ್ಳಿ.”

ನಾಲ್ಕನೇ ಜ್ವರ ಎಂದರೆ ಹುಳು ಕೊನೆಯ ಸಲ ಪೊರೆ ಬಿಡುವುದು. ಅದಾದ ಮೇಲೆ ಬಲಿತು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತುವ ತನಕ ಅದಕ್ಕೆ ರಾಕ್ಷಸ ಹಸಿವು. ಆಗ ಸೊಪ್ಪಿಗೆ ಔಷಧಿಯ ಗಾಳಿ ಸೋಕಿದರೂ ಬೆಳೆ ಹೋಯಿತೆಂದೇ ಲೆಕ್ಕ.

ಸಂಘದ ಅಧ್ಯಕ್ಷರ ಮನೆಗೆ ಹೋದೆ. ಅವರ ಮಗಳು ನಡುಮನೆಯಲ್ಲೇ ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದಳು. “ನಿಮ್ಮತ್ತೆಗೇ ಹುಷಾರಿಲ್ಲ, ನೀವೇ ಬೇಡ ಅಂತೀರಲ್ಲ ಮೇಡಂ?” ಎಂದರು. ಗದರಿದ್ದರೆ ನಾನೂ ಸೆರಗು ಬಿಗಿದು ನಿಲ್ಲುತ್ತಿದ್ದೆ, ಜಗಳದಲ್ಲಿ ಹಿಂದೆ ಬಿದ್ದವಳೇನಲ್ಲ. ಆದರೆ ಅವರು ಮೆತ್ತಗೆ ಕೇಳಿದರು. ತೋಟದ ಕಡೆಯ ಬೀದಿಯನ್ನಾದರೂ ಬಿಡಿ ಎಂದೆ. ಆಗಲಿ ಎಂದರು, ಬಿಟ್ಟರು ಕೂಡ. ಗಾಳಿಗೆ ಹೇಳುವವರು ಯಾರು? ಮುಂದಿನ ಬೀದಿಯ ಬಿಳಿ ಹೊಗೆ ನಮ್ಮ ತಾರಸಿ ದಾಟಿ ಹೋಗಿ ತೋಟದಲ್ಲಿ ಕೂತಿತು. ಅಕ್ಕ ಹುಳುಮನೆಯ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿದ್ದರಿಂದ ಹುಳುಗಳು ಉಳಿದವು. ತೋಟಕ್ಕೆ ಎಲ್ಲಿಂದ ಗೋಣಿ ತರುವುದು?

ಮೊದಲೇ ಕುಯ್ದಿಟ್ಟ ಸೊಪ್ಪು ಮರುದಿನ ಬೆಳಿಗ್ಗೆ ಮುಗಿಯಿತು. ಹೊಂಗನೂರಿಗೆ, ನಮ್ಮಣ್ಣನಿಗೆ ಫೋನ್ ಮಾಡಿದೆ. “ನಮ್ಮ ಹುಳಕ್ಕೇ ಸಾಲ್ದಲ್ಲವ್ವ, ಎಲ್ಲಿಂದ ತರ್ಲಿ?” ಎಂದ. ಬಿಡದಿಯ ಸುತ್ತಲಿನ ತೋಟಗಳು ಶೆಡ್ಡುಗಳಾಗಿ ಎಷ್ಟೋ ಕಾಲವಾಗಿತ್ತು. ತೊಳೆದು ಹಾಕೋಣವೆಂದರೆ ಒದ್ದೆ ಸೊಪ್ಪು ಹುಳುವಿಗೆ ಆಗುವುದಿಲ್ಲ. ತೊಳೆದರೆ ಆ ವಿಷ ಹೋಗುತ್ತದೆಂಬ ನಂಬಿಕೆಯೂ ನಮಗಿರಲಿಲ್ಲ.

ಮಧ್ಯಾಹ್ನ ಅಕ್ಕ ನನ್ನನ್ನು ಹುಳುಮನೆಗೆ ಕರೆದಳು. ತಟ್ಟೆಗಳ ತುಂಬ ಹುಳುಗಳು ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು.

“ಉಪಾಸ ಕೆಡವಿ ಸಾಯಿಸ್ಲಾ, ಇಸ ಹಾಕಿ ಸಾಯಿಸ್ಲಾ? ನೀನೇ ಯೋಳವ್ವ.”

ನನ್ನ ಕೈಲಿ ಏನೂ ಆಗದಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಹಸಿದವುಗಳ ಎದುರು ಸುಮ್ಮನೆ ಕೂರುವುದು ಅಕ್ಕನಿಂದಲೂ ಆಗಲಿಲ್ಲ. ಕುಡುಗೋಲು ತೆಗೆದುಕೊಂಡು ತೋಟಕ್ಕಿಳಿದಳು. ನಾನೂ ಹಿಂದೆ ಹೋದೆ. ವಾಸನೆ ಕಡಿಮೆ ಇರುವ ಕಡೆ ಕುಯ್ಯೋಣವೆಂದು ಇಬ್ಬರೂ ಗಿಡ ಗಿಡ ಮೂಸಿದೆವು. ನಡುವಿನ ಸಾಲಿಗೆ ಹೋಗಿ, “ಇಲ್ಲಿಲ್ಲ ಬಿಡಕ್ಕ, ಇಲ್ಲಿ ಏನೂ ಇಲ್ಲ” ಎಂದೆ. ಇತ್ತು.

ಸೊಪ್ಪು ಹರಡಿದ್ದೇ ತಡ, ಅಷ್ಟೂ ಹುಳು ತಲೆ ತಿರುಗಿಸಿ ಮೇಲೆ ಬಿದ್ದವು. ಸಂಜೆಯೊಳಗೆ ಹಸಿರು ನೀರು ಕಕ್ಕಿ ಹೊರಳಾಡುತ್ತವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಕ್ಕ ತಟ್ಟೆಯ ಮೇಲೆ ಬಾಗಿ, ಅಂಚಿಗೆ ಬಂದಿದ್ದ ಒಂದನ್ನು ಬೆರಳಿನಿಂದ ಸೊಪ್ಪಿನ ಕಡೆಗೆ ಸರಿಸಿದಳು.

“ಒಸಿ ನಿಧಾನಕ್ಕೆ ತಿನ್ರವ್ವ,” ಎಂದಳು.